ಬೀಗ ಹಾಕಿದ ಮನೆಯಂಗಳದ ಗಿಡಗಳು

ಮೇ ತಿಂಗಳ ನಡುವೆ ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ನೀರು ಬಿಡುವ ಮನೆಯ ಮುಂದೆ ಗುಲಾಬಿ ಕಡ್ಡಿಯಾಗಿರುತ್ತದೆ, ಇಕ್ಸೋರಾದ ಎಲೆ ಬಿಳಿಚಿಕೊಂಡಿರುತ್ತದೆ, ದಾಸವಾಳದ ಮೊಗ್ಗು ಅರಳುವ ಮೊದಲೇ ಉದುರಿರುತ್ತದೆ. ಅದೇ ಸಾಲಿನಲ್ಲಿ ಎರಡು ಮನೆ ಆಚೆ ಬೆಂಗಳೂರು ಸೇರಿದವರ ಮನೆ. ಗೇಟಿಗೆ ಬೀಗ, ಬೀಗಕ್ಕೆ ತುಕ್ಕು. ಯಾರಾದರೂ ಬಂದು ನೀರು ಬಿಟ್ಟರೆ ಯುಗಾದಿಗೆ, ಇಲ್ಲವೇ ದೀಪಾವಳಿಗೆ. ಆ ಅಂಗಳದಲ್ಲಿ ಕಣಗಿಲೆ ಕಾಂಪೌಂಡಿನಾಚೆ ಬಾಗಿ ಗೊಂಚಲು ಗೊಂಚಲಾಗಿ ಅರಳಿದೆ, ಕಾಗದದ ಹೂ ಕರೆಂಟಿನ ತಂತಿಯವರೆಗೆ ಹತ್ತಿದೆ, ಮೆಟ್ಟಿಲ ಸಂದಿಯಲ್ಲಿ ನಿತ್ಯಪುಷ್ಪ ತಾನೇ ಹುಟ್ಟಿಕೊಂಡಿದೆ.

ಕೆಲವು ಗಿಡ ಗಟ್ಟಿ, ಕೆಲವು ನಾಜೂಕು ಎಂದು ಹೇಳಿ ಮಾತು ಮುಗಿಸುವುದು ಸುಲಭ. ಹಾಗೆ ಮುಗಿಸಲು ಬಿಡದ ಸಂಗತಿ ಒಂದಿದೆ: ಅದೇ ಕಣಗಿಲೆಯನ್ನು ದಿನಾ ನೀರು ಬಿಡುವ ಮನೆಯವರು ಹಾಕಿದಾಗ, ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಅದು ತಲೆ ಬಾಗಿಸಿರುತ್ತದೆ. ಬೀಗದ ಮನೆಯಲ್ಲಿ ಸತ್ತುಹೋದ ಗಿಡಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದೂ ನಿಜ. ಅಲ್ಲಿ ಕಾಣುವುದೆಲ್ಲ ಪರೀಕ್ಷೆಯಲ್ಲಿ ಪಾಸಾದವು. ಆದರೂ ಪಾಸಾದವನ್ನು ಒಂದೊಂದಾಗಿ ನೋಡುತ್ತ ಹೋದರೆ ಗಟ್ಟಿತನದ ಅರ್ಧ ಪಾಲು ಗಿಡದ ಜಾತಿಯದು, ಉಳಿದರ್ಧ ಮೊದಲ ವರ್ಷ ಅದರ ಬೇರು ಎಷ್ಟು ಆಳಕ್ಕೆ ಇಳಿಯಿತು ಎಂಬುದರದು ಎಂದು ಅನ್ನಿಸುತ್ತದೆ. ನರ್ಸರಿಯವರು ಮಾರುವುದು ಮೊದಲ ಅರ್ಧವನ್ನು ಮಾತ್ರ.

ಇಲ್ಲಿನ ಬಿಸಿಲು, ಇಲ್ಲಿನ ನೀರು

ತೋಟಗಾರಿಕೆಯ ವಿಡಿಯೊಗಳು ಹೆಚ್ಚಾಗಿ ಬೆಂಗಳೂರಿನ ತಾರಸಿಗಳಲ್ಲಿ ತಯಾರಾಗುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಚಿತ್ರದುರ್ಗ 730ರ ಆಸುಪಾಸು, ದಾವಣಗೆರೆ 600ರ ಆಸುಪಾಸು. ಅಲ್ಲಿ ಏಪ್ರಿಲ್ ದಾಟುವ ಗಿಡ ಇಲ್ಲೂ ದಾಟುತ್ತದೆ ಎನ್ನುವಂತಿಲ್ಲ. ನಮ್ಮಲ್ಲಿ ಗಿಡವನ್ನು ಚಳಿ ಕೊಲ್ಲುವುದಿಲ್ಲ. ಫೆಬ್ರವರಿ ಕೊನೆಯಿಂದ ಮೇ ತನಕದ ಒಣ ಬಿಸಿಲು ಒಂದು ಕಡೆ, ಆಷಾಢದ ಗಾಳಿ ಇನ್ನೊಂದು ಕಡೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಕಾಶದಲ್ಲಿ ಮೋಡವಿದ್ದು ಹನಿ ಬೀಳದ ಜುಲೈ ದಿನಗಳಲ್ಲಿ ಆ ಗಾಳಿ ಎಳೆ ಎಲೆಯ ನೀರನ್ನು ಬಿಸಿಲಿಗಿಂತ ಬೇಗ ಎಳೆದುಬಿಡುತ್ತದೆ. ಮಳೆಯೂ ಅಷ್ಟೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು, ಚಳ್ಳಕೆರೆ ಹಿರಿಯೂರು ಮೊಳಕಾಲ್ಮೂರಿನ ಕಡೆ ಇನ್ನೂ ಕಡಿಮೆ. ಬೀಳುವುದರಲ್ಲಿ ದೊಡ್ಡ ಪಾಲು ಉತ್ತರೆ ಮಳೆಯಿಂದ ಚಿತ್ತೆಯೊಳಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯ ವಾರದೊಳಗೆ. ಹಾಗಾಗಿ ಇಲ್ಲಿ ಉಳಿಯಬೇಕಾದ ಗಿಡ ತಿಂಗಳುಗಟ್ಟಲೆ ಒಣಗಿರಬೇಕು, ಅಕ್ಟೋಬರಿನಲ್ಲಿ ಒಂದು ವಾರ ಕಾಲು ನೆನೆದರೂ ತಡೆದುಕೊಳ್ಳಬೇಕು. ಎರಡನೆಯದನ್ನು ಜನ ಮರೆಯುತ್ತಾರೆ.

ಇದರ ಮೇಲೆ ಬೋರಿನ ನೀರು. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಮೂತಿಯಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರು ಗಿಡದ ಬುಡದಲ್ಲೂ ಅದನ್ನೇ ಕಟ್ಟುತ್ತದೆ. ಅದರಲ್ಲಿರುವ ಬೈಕಾರ್ಬೊನೇಟು ಮಣ್ಣಿನ ಕ್ಷಾರವನ್ನು ಏರಿಸುತ್ತದೆ, ಕ್ಷಾರ ಏರಿದಂತೆ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತದೆ. ಇಕ್ಸೋರಾ, ಗಾರ್ಡೇನಿಯಾಗಳಂಥ ಗಿಡಗಳ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದಕ್ಕೆ ಕಾರಣ ಇದು. ಗೊಬ್ಬರ ಕಡಿಮೆಯಾಯಿತು ಎಂದು ಇನ್ನಷ್ಟು ಸುರಿಯುವುದರಿಂದ ಏನೂ ಆಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಎಲ್ಲರಿಗೂ ಗೊತ್ತಿರುವ ವಿಷಯ; ಹಲ್ಲಿಗೆ ಆಗುವುದು ಗಿಡಕ್ಕೂ ಆಗುತ್ತದೆ. ಡ್ರಸೀನಾ, ಸ್ಪೈಡರ್ ಪ್ಲಾಂಟ್ ಥರದವು ಫ್ಲೋರೈಡ್ ಸಹಿಸುವುದಿಲ್ಲ, ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಅವಕ್ಕೆ ಸೂಪರ್ ಫಾಸ್ಫೇಟ್ ಹಾಕಿದರೆ ಇನ್ನೂ ಕೆಡುತ್ತದೆ, ಏಕೆಂದರೆ ಆ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ. ಇನ್ನು ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು. ವ್ಯರ್ಥವಾಗಬಾರದೆಂದು ಅದನ್ನು ಕುಂಡಗಳಿಗೆ ಹಾಕುವವರು ತುಂಬ ಮಂದಿ. ಬೋರಿನ ನೀರಿನ ಉಪ್ಪೆಲ್ಲ ಸಾಂದ್ರವಾಗಿ ಸೇರಿರುವುದು ಅದರಲ್ಲೇ. ಅಂಗಳ ತೊಳೆಯಿರಿ, ಬೈಕು ತೊಳೆಯಿರಿ, ಕುಂಡಕ್ಕೆ ಬೇಡ.

ಗುಂಡಿಗೆ ಮೊದಲು ಸಲಾಕೆ

ಚಿತ್ರದುರ್ಗ, ಹೊಳಲ್ಕೆರೆಯ ಕಡೆ ಹೆಚ್ಚಾಗಿ ಕೆಂಪು, ಗರಸು ಮಣ್ಣು. ದಾವಣಗೆರೆ, ಹರಿಹರ, ಹಿರಿಯೂರಿನ ಹಲವು ಕಡೆ ಎರೆ, ಅಂದರೆ ಜಿಗುಟಾದ ಕಪ್ಪು ಮಣ್ಣು. ಆದರೆ ಸೈಟಿನ ಮಣ್ಣನ್ನು ಊರಿನ ಹೆಸರಿನಿಂದ ನಿರ್ಧರಿಸಬೇಡಿ. ಗದ್ದೆಯನ್ನು ಬಡಾವಣೆ ಮಾಡಿದ ಕಡೆ ಕೆಳಗೆ ಎರೆ, ಮೇಲೆ ಒಂದೆರಡು ಅಡಿ ಗ್ರಾವೆಲ್, ನಡುವೆ ಮನೆ ಕಟ್ಟಿದಾಗಿನ ಸಿಮೆಂಟು, ಇಟ್ಟಿಗೆ ಚೂರು. ಮೇಲಿನಿಂದ ಕೆಂಪಗೆ ಕಾಣುವ ಈ ಮಣ್ಣಿನಲ್ಲಿ ನೀರು ಸರಾಗ ಇಳಿದು ಎರಡು ಅಡಿ ಕೆಳಗೆ ಎರೆಯ ಮೇಲೆ ನಿಂತುಬಿಡುತ್ತದೆ. ಎರಡು ಅಡಿ ಅಗೆದು ನೋಡುವವರೆಗೆ ಯಾವ ಗಿಡವನ್ನೂ ಕೊಳ್ಳಬಾರದು.

ಪರೀಕ್ಷೆ ಸರಳ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ, ಲೆಕ್ಕ ಈ ಎರಡನೇ ಸಲದ್ದು. ಮೂರು ನಾಲ್ಕು ತಾಸಿನಲ್ಲಿ ಖಾಲಿಯಾದರೆ ಬೇಕಾದ್ದು ಹಾಕಬಹುದು. ಮರುದಿನ ಅದೇ ಹೊತ್ತಿಗೂ ನೀರು ಉಳಿದಿದ್ದರೆ ಅಲ್ಲಿ ಗುಂಡಿ ತೆಗೆದು ನೆಡುವ ಮಾತೇ ಬೇಡ. ಕ್ಷಾರದ ಅಂದಾಜಿಗೆ ಒಣ ಮಣ್ಣಿನ ಹೆಂಟೆಯ ಮೇಲೆ ಹಣ್ಣು ನಿಂಬೆಯ ರಸ ಹಿಂಡಿ. ಚುಯ್ ಎಂದು ನೊರೆ ಬಂದರೆ ಸುಣ್ಣ ಧಾರಾಳ ಇದೆ. ಎರೆಯಲ್ಲಿ ಸುಣ್ಣಕಲ್ಲಿನ ಉಂಡೆಗಳು ಬರಿಗಣ್ಣಿಗೇ ಸಿಗುತ್ತವೆ.

ಎರೆ ಮಣ್ಣಿನಲ್ಲಿ ಹೆಚ್ಚಿನವರು ಮಾಡುವ ಕೆಲಸವೆಂದರೆ ದೊಡ್ಡ ಗುಂಡಿ ತೆಗೆದು, ಅದಕ್ಕೆ ಕೆಂಪು ಮಣ್ಣು, ಮರಳು, ಗೊಬ್ಬರ ತುಂಬಿ ನೆಡುವುದು. ನೋಡಲು ಅಚ್ಚುಕಟ್ಟು. ಹಸ್ತದ ಮಳೆಗೆ ಸುತ್ತಲಿನ ಎರೆ ಊದಿ ಬಿಗಿಯಾಗುತ್ತದೆ, ಸಡಿಲ ಮಣ್ಣಿನ ಗುಂಡಿ ತೂತಿಲ್ಲದ ಬಕೆಟ್ಟಾಗುತ್ತದೆ, ಬೇರು ಕೊಳೆಯುತ್ತದೆ. ಗಿಡ ಸಾಯುವುದು ಮಾತ್ರ ಮಾರ್ಚಿನಲ್ಲಿ, ಹಾಗಾಗಿ ಆರೋಪ ಬಿಸಿಲಿನ ಮೇಲೆ ಬರುತ್ತದೆ. ಎರೆಯಲ್ಲಿ ಗುಂಡಿಯ ಬದಲು ದಿಬ್ಬ ಮಾಡಿ. ಅಲ್ಲಿನ ಮಣ್ಣನ್ನೇ ಮೇಲಕ್ಕೆಳೆದು, ಮೂರಕ್ಕೆ ಒಂದು ಪಾಲು ಕಳಿತ ಗೊಬ್ಬರ ಬೆರೆಸಿ, ಒಂದಡಿ ಎತ್ತರ, ಮೂರಡಿ ಅಗಲದ ದಿಬ್ಬ. ಮಂಡಕ್ಕಿ ಭಟ್ಟಿಯ ಕಡೆ ಅರೆಬೆಂದ ಕಪ್ಪು ಹೊಟ್ಟು ಸಿಕ್ಕರೆ ಒಂದು ಪಾಲು ಸೇರಿಸಿ, ಅದು ಎರೆಯನ್ನು ಸಡಿಲ ಮಾಡುತ್ತದೆ. ಪೂರ್ತಿ ಸುಟ್ಟ ಬಿಳಿ ಬೂದಿ ಬೇಡ, ಈಗಾಗಲೇ ಇರುವ ಕ್ಷಾರವೇ ಸಾಕು. ಬೇಸಿಗೆಯಲ್ಲಿ ಎರೆ ಬಿರಿದಾಗ ಬಿರುಕಿನೊಂದಿಗೆ ಎಳೆ ಬೇರೂ ಹರಿಯುತ್ತದೆ. ಅದಕ್ಕೆ ಮದ್ದು ಹೊದಿಕೆ ಒಂದೇ.

ಕೆಂಪು ಗರಸಿನಲ್ಲಿ ಒಂದೂವರೆ ಅಡಿಯ ಚೌಕ ಗುಂಡಿ. ಮೇಲಿನ ಮಣ್ಣನ್ನು ಬೇರೆ ರಾಶಿ ಹಾಕಿ, ಅದಕ್ಕೆ ಮೂರಕ್ಕೊಂದು ಪಾಲು ಕೊಟ್ಟಿಗೆ ಗೊಬ್ಬರ, ಕಾಲು ಕೇಜಿ ಬೇವಿನ ಹಿಂಡಿ ಬೆರೆಸಿ ತುಂಬಿ. ಕೆರೆಗೋಡು ಸಿಕ್ಕರೆ ನಾಲ್ಕಕ್ಕೆ ಒಂದು ಪಾಲಿಗಿಂತ ಹೆಚ್ಚು ಬೇಡ, ಜಾಸ್ತಿಯಾದರೆ ಮೇಲೆ ಹಪ್ಪಳ ಕಟ್ಟಿ ನೀರು ಒಳಗಿಳಿಯುವುದಿಲ್ಲ. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಕೆಂಪು ಮಣ್ಣಿನಲ್ಲಿ ಗೆದ್ದಲಿಗೆ ಔತಣ, ಜೊತೆಗೆ ಬೇರು ತಿನ್ನುವ ಗೊಣ್ಣೆಹುಳು.

ಗಾಡಿಯ ಮೇಲಿನ ಗಿಡ

ಮೊದಲ ಮಳೆ ಬಿದ್ದ ವಾರ ಗಿಡ ತುಂಬಿದ ಗಾಡಿಗಳು ಬೀದಿಗೆ ಬರುತ್ತವೆ. ಎಲ್ಲರ ಕೈ ಹೋಗುವುದು ಹೂ ಬಿಟ್ಟಿರುವ, ಮೂರಡಿ ಎತ್ತರದ ಗಿಡಕ್ಕೆ. ಗಾಡಿಯವನೂ ಅದನ್ನೇ ಮುಂದಿಟ್ಟಿರುತ್ತಾನೆ. ಒಂದು ಮುಷ್ಟಿ ಬೇರಿಗೆ ಅಷ್ಟು ಎಲೆ, ಅಷ್ಟು ಹೂ ಸಾಕುವ ಶಕ್ತಿ ಇರುವುದಿಲ್ಲ. ನರ್ಸರಿಯ ನೆರಳಿನಲ್ಲಿ, ಗಂಟೆಗೊಮ್ಮೆಯ ತುಂತುರಿನಲ್ಲಿ ಬೆಳೆದ ಎಲೆ ನಮ್ಮ ಪಡುವಣ ಗೋಡೆಯ ಬಿಸಿಲಿಗೆ ಎರಡು ದಿನ ನಿಲ್ಲುವುದಿಲ್ಲ. ಒಂದಡಿ ಎತ್ತರದ, ಬುಡದಿಂದಲೇ ಎರಡು ಮೂರು ಕವಲೊಡೆದ, ಹೂವಿಲ್ಲದ ಗಿಡ ಆರಿಸಿ. ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿದಾಗ ಮಣ್ಣಿನೊಂದಿಗೆ ಒಟ್ಟಿಗೆ ಅಲುಗಬೇಕು. ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಬಿಟ್ಟುಬಿಡಿ, ನೆಲದಲ್ಲೂ ಅದು ಸುತ್ತುತ್ತಲೇ ಇರುತ್ತದೆ.

ಇಲ್ಲಿ ಮಾರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬಂದವು. ಗೋದಾವರಿ ಬಯಲಿನ ಜಿಗುಟು ಮಣ್ಣಿನ ಉಂಡೆಯಲ್ಲಿ ಬೇರನ್ನು ಕಟ್ಟಿ ಕಳಿಸುತ್ತಾರೆ, ದೂರದ ಪ್ರಯಾಣಕ್ಕೆ ಅದು ಸರಿ. ಅದೇ ಉಂಡೆಯನ್ನು ಹಾಗೆಯೇ ನಮ್ಮ ಗರಸಿನಲ್ಲಿ ಹೂತರೆ ಒಣಗಿ ಇಟ್ಟಿಗೆಯಾಗುತ್ತದೆ. ಹಾಕಿದ ನೀರು ಉಂಡೆಯ ಸುತ್ತ ಇಳಿದುಹೋಗುತ್ತದೆ, ಒಳಗಿನ ಬೇರು ಬಾಯಾರಿಯೇ ಇರುತ್ತದೆ. ನೆಡುವ ಮೊದಲು ಉಂಡೆಯನ್ನು ಅರ್ಧ ತಾಸು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ಹೊರಗಿನ ಅರ್ಧ ಇಂಚು ಮಣ್ಣನ್ನು ಬೆರಳಿನಿಂದ ಬಿಡಿಸಿ, ಬೇರಿನ ತುದಿ ಹೊರಗೆ ಕಾಣುವಂತೆ ನೆಡಿ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಗಿಡವಾದರೆ ತೊಂದರೆ ಬೇರೆ, ಆ ಪುಡಿ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹಿಡಿಯುವುದೇ ಕಷ್ಟ. ಅದಕ್ಕೂ ಮುಳುಗಿಸುವುದೇ ದಾರಿ. ಕಾಗದದ ಹೂವಿಗೆ ಮಾತ್ರ ಈ ಬಿಡಿಸುವ ಕೆಲಸ ಬೇಡ. ಅದರ ಬೇರು ಬಲು ಸೂಕ್ಷ್ಮ, ಉಂಡೆ ಒಡೆದರೆ ಗಿಡವೇ ಹೋಗುತ್ತದೆ. ನೆನೆಸಿ, ಚೀಲ ಕತ್ತರಿಸಿ, ಅಲುಗಿಸದೆ ಇಳಿಸಿ. ನೆಟ್ಟ ದಿನ ಇರುವ ಹೂವು ಮೊಗ್ಗನ್ನೆಲ್ಲ ಚಿವುಟಿ ಹಾಕಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ.

ನೆಡಲು ಒಳ್ಳೆಯ ಕಾಲ ಆರಿದ್ರಾದಿಂದ ಪುಷ್ಯದವರೆಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಮುಗಿಯುವ ತನಕ. ಆಗ ನೆಟ್ಟರೆ ಬೇಸಿಗೆಗೆ ಮುನ್ನ ಬೇರಿಗೆ ಏಳೆಂಟು ತಿಂಗಳು ಸಿಗುತ್ತದೆ. ಗಾಳಿಯ ದಿಕ್ಕಿಗೆ ಒಂದು ಗೋಣಿಚೀಲ ಕಟ್ಟಿ ಮರೆ ಮಾಡಿದರೆ ಸಾಕು. ಗೋಡೆಯಿಂದ ಎರಡಡಿ ದೂರವಿರಲಿ, ಕಲ್ಲಿನ ಕಾಂಪೌಂಡು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಉಗುಳುತ್ತದೆ.

ಎರಡು ಲೀಟರ್, ಇಪ್ಪತ್ತು ಲೀಟರ್

ಬುಡದ ಸುತ್ತ ಎರಡಡಿ ಅಗಲದ ಪಾತಿ ಇದೆ ಎಂದುಕೊಳ್ಳಿ. ಅದಕ್ಕೆ ದಿನಾ 2 ಲೀಟರ್ ಹಾಕಿದರೆ ಅದು 7 ಮಿ.ಮೀ. ಮಳೆಗೆ ಸಮ, ಮೇಲಿನ ಎರಡು ಇಂಚು ನೆನೆದು ಮಧ್ಯಾಹ್ನದೊಳಗೆ ಅರ್ಧ ಆವಿಯಾಗುತ್ತದೆ. ಹತ್ತು ದಿನಕ್ಕೊಮ್ಮೆ 20 ಲೀಟರ್ ಹಾಕಿದರೆ 70 ಮಿ.ಮೀ. ಮಳೆ ಬಂದಂತೆ, ಕೆಂಪು ಮಣ್ಣಿನಲ್ಲಿ ಒಂದಡಿಗೂ ಹೆಚ್ಚು ಇಳಿಯುತ್ತದೆ. ಹತ್ತು ದಿನದ ಲೆಕ್ಕದಲ್ಲಿ ನೀರು ಅಷ್ಟೇ. ಮೊದಲನೆಯದರಲ್ಲಿ ಬೇರು ಮೇಲಿನ ಎರಡು ಇಂಚಿನಲ್ಲೇ ಹರಡಿ ಕೂರುತ್ತದೆ, ಮೇ ತಿಂಗಳಲ್ಲಿ ಕಾವಲಿಯಂತೆ ಕಾಯುವುದೂ ಅದೇ ಎರಡು ಇಂಚು. ಎರಡನೆಯದರಲ್ಲಿ ಮೇಲೆ ಒಣಗಿದಂತೆ ತೇವ ಹುಡುಕಿಕೊಂಡು ಬೇರು ಕೆಳಗೆ ಹೋಗುತ್ತದೆ. ದಿನಾ ಪೈಪು ಹಿಡಿಯುವ ಮನೆಯ ಗಿಡ ನಾಲ್ಕು ದಿನದ ರಜೆಗೆ ಬಾಡುವುದು ಇದರಿಂದ.

ನೆಟ್ಟ ವರ್ಷದ ಲೆಕ್ಕ ಹೀಗಿರಲಿ. ಮಳೆಗಾಲದಲ್ಲಿ ಎಂಟು ದಿನ ಹನಿ ಬೀಳದಿದ್ದರೆ 10 ಲೀಟರ್. ನವೆಂಬರಿನಿಂದ ಫೆಬ್ರವರಿವರೆಗೆ ಎಂಟು ಹತ್ತು ದಿನಕ್ಕೊಮ್ಮೆ 15 ಲೀಟರ್. ಮಾರ್ಚಿನಿಂದ ಮಳೆ ಬರುವ ತನಕ 20 ಲೀಟರ್, ಗರಸಿನಲ್ಲಿ ಐದಾರು ದಿನಕ್ಕೊಮ್ಮೆ, ಎರೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ. ಎರಡನೇ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಮೂರನೆಯದರಲ್ಲಿ ಕಣಗಿಲೆ, ದೇವಕಣಗಿಲೆಗೆ ಕೊಡದಿದ್ದರೂ ನಡೆಯುತ್ತದೆ. ನೀರು ಎಷ್ಟು ಇಳಿದಿದೆ ಎಂದು ನೋಡಲು ಮರುದಿನ ತೆಳುವಾದ ಕಬ್ಬಿಣದ ಸಲಾಕೆ ಚುಚ್ಚಿ; ತೇವವಿದ್ದಷ್ಟು ಆಳ ಸಲೀಸಾಗಿ ಇಳಿದು ಒಣ ಮಣ್ಣಿಗೆ ತಾಗಿದಲ್ಲಿ ನಿಲ್ಲುತ್ತದೆ. ಪಾತಿಯ ನೀರು ಕಾಂಡಕ್ಕೆ ತಾಗಬಾರದು, ಬುಡದಲ್ಲಿ ಮಣ್ಣು ಸ್ವಲ್ಪ ಎತ್ತರವಿದ್ದು ನೀರು ಸುತ್ತ ಉಂಗುರದಂತೆ ನಿಲ್ಲಬೇಕು.

ಹನಿ ನೀರಾವರಿ ಇದ್ದರೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರುಗಳನ್ನು ಎರಡು ಬದಿಗಿಟ್ಟು ಎರಡೂವರೆ ತಾಸು ಬಿಡಿ, 20 ಲೀಟರ್ ಆಯಿತು. ದಿನಾ ಹದಿನೈದು ನಿಮಿಷದ ಟೈಮರ್ ಇಟ್ಟರೆ ಪೈಪಿನದೇ ಕಥೆ. ನಮ್ಮ ನೀರಿಗೆ ಡ್ರಿಪ್ಪರಿನ ಬಾಯಿ ಸುಣ್ಣ ಕಟ್ಟುವುದು ಖಂಡಿತ. ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿದರೆ ಬಿಡುತ್ತದೆ. ಬುಡದ ಪಕ್ಕ ಮಣ್ಣಿನ ಮಡಕೆ ಹೂತು ಕುತ್ತಿಗೆಯವರೆಗೆ ನೀರು ತುಂಬುವ ಹಳೆಯ ಪದ್ಧತಿಯೂ ಚೆನ್ನಾಗಿದೆ, ಮೆರುಗು ಹಚ್ಚದ ಮಡಕೆಯಾಗಿರಬೇಕು. ಗಡಸು ನೀರಿಗೆ ಅದರ ರಂಧ್ರಗಳೂ ಮುಚ್ಚುತ್ತವೆ, ನೀರು ಇಳಿಯುವುದು ನಿಂತಾಗ ಮಡಕೆ ಬದಲಿಸಬೇಕು.

ಹೊದಿಕೆಗೆ ನಮ್ಮಲ್ಲಿ ಬರ ಇಲ್ಲ. ಚನ್ನಗಿರಿ ಕಡೆ ಅಡಿಕೆ ಸಿಪ್ಪೆ ರಸ್ತೆ ಬದಿ ರಾಶಿ ಬಿದ್ದಿರುತ್ತದೆ, ದಾವಣಗೆರೆ ಸುತ್ತ ಮೆಕ್ಕೆಜೋಳದ ದಂಟು, ಚಳ್ಳಕೆರೆಯಲ್ಲಿ ಶೇಂಗಾ ಸಿಪ್ಪೆ. ಮೂರು ಇಂಚು ದಪ್ಪ, ಕಾಂಡದಿಂದ ನಾಲ್ಕು ಬೆರಳು ದೂರ. ಅಡಿಕೆ ಸಿಪ್ಪೆ ನಿಧಾನ ಕರಗುತ್ತದೆ, ಹಾಗಾಗಿ ಹೆಚ್ಚು ದಿನ ಬರುತ್ತದೆ. ಶೇಂಗಾ ಸಿಪ್ಪೆಯೊಂದಿಗೆ ಬುಡಕೊಳೆ ರೋಗದ ಶಿಲೀಂಧ್ರ ಬರಬಹುದು, ಸುಗಂಧರಾಜ, ಕನಕಾಂಬರದಂಥ ಮೆತ್ತನೆ ಬುಡದ ಗಿಡಗಳಿಗೆ ಅದನ್ನು ಹಾಕದಿರುವುದು ಲೇಸು. ಗೆದ್ದಲು ಇರುವ ಕಡೆ ಯಾವ ಹೊದಿಕೆಯನ್ನೂ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಎತ್ತಿ ನೋಡಿ.

ಯಾವುದು ನಿಲ್ಲುತ್ತದೆ

ಕಣಗಿಲೆಯಿಂದಲೇ ಶುರು ಮಾಡಬೇಕು. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಅದನ್ನು ನೆಡುವುದಕ್ಕೆ ಕಾರಣಗಳಿವೆ: ಬಿಸಿಲು, ಸವಳು ನೀರು, ಹೊಗೆ, ಎರೆ, ಗರಸು ಎಲ್ಲವನ್ನೂ ತಡೆದುಕೊಳ್ಳುತ್ತದೆ, ಆಡು ಮುಟ್ಟುವುದಿಲ್ಲ. ಪೆನ್ಸಿಲ್ ದಪ್ಪದ, ಮುಕ್ಕಾಲು ಅಡಿ ಉದ್ದದ ಕಡ್ಡಿಯನ್ನು ಜುಲೈನಲ್ಲಿ ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೂತರೆ ಬೇರು ಬಿಡುತ್ತದೆ. ಹೂ ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಸವರದಿದ್ದರೆ ಕಾಲು ಉದ್ದವಾಗಿ ತಲೆಯಲ್ಲಿ ಮಾತ್ರ ಹೂವು. ಎಳೆ ತುದಿಯಲ್ಲಿ ಹಳದಿ ಹೇನು ಮುತ್ತುತ್ತದೆ, ಜೋರಾಗಿ ನೀರು ಚಿಮ್ಮಿಸಿದರೆ ಉದುರುತ್ತದೆ. ಗಿಡದ ಪ್ರತಿ ಭಾಗವೂ ವಿಷ, ಇದನ್ನು ಮರೆಯುವ ಹಾಗಿಲ್ಲ. ಸವರಿದ ಕೊಂಬೆಯನ್ನು ಸುಡಬೇಡಿ, ಹೊಗೆಯೂ ಕೆಟ್ಟದ್ದು. ದನದ ಮೇವಿನೊಂದಿಗೆ ಬೆರೆಯದಂತೆ ನೋಡಿಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಗೆ ರತ್ನಗಂಧಿ ಹಾಕಿರೆಂದು ಕೆಲವರು ಹೇಳುತ್ತಾರೆ. ಬರ ತಡೆಯುವುದರಲ್ಲಿ ಎರಡೂ ಸಮಾನ ಎಂಬುದು ನಿಜ, ಆದರೆ ಅದರ ಬೀಜವೂ ತಿನ್ನುವಂಥದ್ದಲ್ಲ. ಅಂಥ ಮನೆಗೆ ಸರಿಯಾದದ್ದು ದಾಸವಾಳ.

ದಾಸವಾಳದಲ್ಲಿ ಒಂಟಿ ಸುತ್ತಿನ ಕೆಂಪು ನಾಟಿ ಗಿಡವನ್ನೇ ಹುಡುಕಿ. ಗಾಡಿಯಲ್ಲಿ ಸಿಗುವ, ಅಂಗೈ ಅಗಲದ ಎರಡು ಬಣ್ಣದ ಹೂವಿನ ಹೈಬ್ರಿಡ್‌ಗಳು ನೋಡಲು ಚೆಂದ, ಆದರೆ ಬೇರು ದುರ್ಬಲ. ಎರಡನೇ ಬೇಸಿಗೆ ದಾಟುವುದು ಅಪರೂಪ. ನಾಟಿ ಕೆಂಪಿನ ಕಡ್ಡಿಯನ್ನು ಯಾರ ಮನೆಯಲ್ಲಾದರೂ ಕೇಳಿ ತರಬಹುದು, ನರ್ಸರಿಗೆ ಹೋಗುವ ಅಗತ್ಯವಿಲ್ಲ. ಇದರ ಶತ್ರು ಬಿಳಿ ಹಿಟ್ಟು ತಿಗಣೆ. ತಿಗಣೆಗಿಂತ ಮೊದಲು ಇರುವೆ ಬರುತ್ತದೆ, ಅದೇ ತಿಗಣೆಯನ್ನು ಕೊಂಬೆಯಿಂದ ಕೊಂಬೆಗೆ ದಾಟಿಸಿ ಕಾಯುತ್ತದೆ. ಹಿಟ್ಟು ಕಟ್ಟಿದ ತುದಿಯನ್ನು ಕತ್ತರಿಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 5 ಗ್ರಾಂ ಸೋಪು ಕಲಸಿ ವಾರಕ್ಕೊಮ್ಮೆ ಮೂರು ಸಲ ಸಂಜೆ ಹೊತ್ತು ಸಿಂಪಡಿಸಿ. ಗೋಡೆಗೆ ತಾಗಿರುವ ಕೊಂಬೆ ಸವರಿ ಇರುವೆಯ ಸೇತುವೆ ತಪ್ಪಿಸದಿದ್ದರೆ ಇದೆಲ್ಲ ದಂಡ.

ದೇವಕಣಗಿಲೆಯ ನಿಯಮ ಬೇರೆ ಎಲ್ಲಕ್ಕೂ ತಿರುಗುಮುರುಗು. ಮಳೆಗಾಲದಲ್ಲಿ ನೆಟ್ಟರೆ ಕೊಳೆಯುತ್ತದೆ. ಎಲೆ ಉದುರಿಸಿ ನಿಂತ ಫೆಬ್ರವರಿ, ಮಾರ್ಚಿನಲ್ಲಿ ಒಂದೂವರೆ ಅಡಿಯ ಕೊಂಬೆ ಕತ್ತರಿಸಿ, ಹಾಲು ಸೋರುವುದು ನಿಂತು ಗಾಯ ಒಣಗಿ ಚರ್ಮ ಕಟ್ಟುವ ತನಕ ಹತ್ತು ಹದಿನೈದು ದಿನ ನೆರಳಿನಲ್ಲಿ ಒರಗಿಸಿಡಿ. ಆಮೇಲೆ ಅರ್ಧ ಅಡಿ ಹೂತು, ಒಂದು ಸಲ ನೀರು ಕೊಟ್ಟು, ಎಲೆ ಬಿಚ್ಚುವವರೆಗೆ ಸುಮ್ಮನಿರಿ. ಸುಮ್ಮನಿರುವುದು ಬಹಳ ಮಂದಿಗೆ ಆಗುವುದಿಲ್ಲ. ಮಳೆಗಾಲದಲ್ಲಿ ಎಲೆಯ ಕೆಳಗೆ ಕಿತ್ತಳೆ ಬಣ್ಣದ ತುಕ್ಕು ಹಿಡಿದರೆ ಗಾಬರಿ ಬೇಡ, ಆ ಎಲೆ ಹೇಗೂ ಉದುರುವಂಥದ್ದೇ. ಎರೆಯಲ್ಲಿ ಮಾತ್ರ ದಿಬ್ಬ ಕಡ್ಡಾಯ.

ಕಾಗದದ ಹೂ ಬಿಡುವುದಿಲ್ಲ ಎಂದು ದೂರುವವರ ಗಿಡ ನೋಡಿದರೆ ಎಲೆ ಕಡುಹಸಿರಾಗಿ ಮಿಂಚುತ್ತಿರುತ್ತದೆ. ನೀರು ಮತ್ತು ಸಾರಜನಕ ಹೆಚ್ಚಾಗಿದೆ ಎಂದರ್ಥ. ಎಲೆ ಸ್ವಲ್ಪ ಜೋಲುವ ತನಕ ನೀರು ನಿಲ್ಲಿಸಿ, ಯೂರಿಯಾ ಸಂಪೂರ್ಣ ಬಿಡಿ. ಹೂ ಮುಗಿದ ತುದಿಗಳನ್ನು ಅರ್ಧ ಅಡಿ ಕತ್ತರಿಸಿದರೆ ಮುಂದಿನ ಸುತ್ತು ಬರುತ್ತದೆ.

ಹಳೆಯ ಮನೆಗಳ ಹಿತ್ತಲಲ್ಲಿದ್ದು ಈಗ ಮರೆಯಾಗುತ್ತಿರುವುದು ಗೋರಂಟೆ. ನೇರಳೆ, ಬಿಳಿ, ಮುಳ್ಳಿರುವ ಹಳದಿ, ಮೂರೂ ಒಣ ನೆಲಕ್ಕೆ ಹೇಳಿ ಮಾಡಿಸಿದವು. ಮಳೆ ಹಿಂದೆ ಸರಿದು ಬೇರೆ ಹೂವು ಕಡಿಮೆಯಾಗುವ ಹೊತ್ತಿಗೆ, ಅಕ್ಟೋಬರಿನಿಂದ ಸಂಕ್ರಾಂತಿ ತನಕ ಅರಳುತ್ತವೆ. ಕಡ್ಡಿಯಿಂದಲೂ ಬರುತ್ತದೆ, ಬೀಜ ಸಿಡಿದು ತಾನೂ ಹುಟ್ಟುತ್ತದೆ. ಇದನ್ನು ನರ್ಸರಿಯಲ್ಲಿ ಕೇಳಿದರೆ ನಗುತ್ತಾರೆ. ತಂಗಡಿಯನ್ನು ಕೇಳಿದರೆ ಇನ್ನೂ ಹೆಚ್ಚು ನಗುತ್ತಾರೆ. ಚಿನ್ನದ ಬಣ್ಣದ ಹೂವು, ಹಳದಿ ಚಿಟ್ಟೆಗಳ ತವರು, ಒಂದು ಹನಿ ಬೋರ್ ನೀರು ಬೇಡ. ಆದರೂ ರಸ್ತೆ ಬದಿಯ ಗಿಡವೆಂದು ಯಾರೂ ಅಂಗಳಕ್ಕೆ ತರುವುದಿಲ್ಲ. ಇದರ ತಾಯಿಬೇರು ಆಳ, ಕಿತ್ತು ನೆಟ್ಟರೆ ಬದುಕುವುದಿಲ್ಲ. ಬೀಜವನ್ನು ಮರಳು ಕಾಗದಕ್ಕೆ ಉಜ್ಜಿ, ಒಂದು ರಾತ್ರಿ ನೆನೆಸಿ, ಬೇಕಾದ ಜಾಗದಲ್ಲೇ ಮೂರು ಮೂರು ಊರಿ.

ಮಲ್ಲಿಗೆ ನಾಜೂಕು ಎಂಬ ಮಾತು ಅರ್ಧ ನಿಜ. ಪಕ್ಕದ ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಆ ನೆಲವೇನೂ ಮಲೆನಾಡಲ್ಲ. ಬೇರಿಳಿದ ದುಂಡು ಮಲ್ಲಿಗೆ ಬೇಸಿಗೆಯಲ್ಲೇ ಹೂ ಬಿಡುವಂಥದ್ದು. ಅದು ಕೇಳುವುದು ಸವರುವಿಕೆ. ನವೆಂಬರ್ ಕೊನೆಯಲ್ಲಿ ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಉಳಿದದ್ದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ, ಬುಡಕ್ಕೆ ಎರಡು ಬುಟ್ಟಿ ಗೊಬ್ಬರ ಕೊಟ್ಟು ನೀರು ಕಟ್ಟಿದರೆ ಮಾರ್ಚಿಗೆ ಮೊಗ್ಗು. ಕತ್ತರಿಸದ ಬಳ್ಳಿ ಎಲೆ ಹೊರುತ್ತದೆ, ಹೂವಲ್ಲ.

ಕನಕಾಂಬರ ಬಹುವಾರ್ಷಿಕವೇ ಆದರೂ ಎರಡು ಮೂರು ವರ್ಷದ್ದೆಂದು ಲೆಕ್ಕವಿಡಿ. ಆಮೇಲೆ ಗಿಡ ಕುಗ್ಗುತ್ತದೆ, ಕಿತ್ತು ನೋಡಿದರೆ ಬೇರಿನಲ್ಲಿ ಗಂಟು ಗಂಟು. ಅದು ಮಣ್ಣಿನಲ್ಲಿರುವ ಜಂತುಹುಳುವಿನ (ನೆಮಟೋಡ್) ಕೆಲಸ, ಅದೇ ಜಾಗದಲ್ಲಿ ಮತ್ತೆ ಕನಕಾಂಬರ ಬೇಡ, ಒಂದು ಬೆಳೆ ಚೆಂಡುಹೂ ಹಾಕಿ. ಡೆಲ್ಲಿ ಕನಕಾಂಬರ ಎಂದು ಮಾರುವ ಅಗಲ ಎಸಳಿನ ತಳಿಯಲ್ಲಿ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಹೆಚ್ಚಿಸಬೇಕು. ಅದರ ಬೀಜವೆಂದು ಯಾರಾದರೂ ಪೊಟ್ಟಣ ಕೊಟ್ಟರೆ ಹಣ ಕೊಡಬೇಡಿ.

ನಂದಿಬಟ್ಟಲನ್ನು ಹಸಿರು ಬಣ್ಣದ ದಪ್ಪ ಹುಳು ಒಂದೇ ವಾರದಲ್ಲಿ ಬೋಳು ಮಾಡಬಹುದು. ಕೈಯಿಂದ ಆರಿಸಿ ತೆಗೆದರೆ ಸಾಕು, ಹದಿನೈದು ದಿನದಲ್ಲಿ ಚಿಗುರುತ್ತದೆ. ಸಂಜೆಮಲ್ಲಿಗೆ, ನಿತ್ಯಪುಷ್ಪದ ಬಗ್ಗೆ ಬರೆಯಲು ಹೆಚ್ಚಿಲ್ಲ. ಒಂದು ಸಲ ಬಂದರೆ ಅವೇ ಜಾಗ ಆರಿಸಿಕೊಳ್ಳುತ್ತವೆ, ಹೆಚ್ಚಾದಲ್ಲಿ ಕೀಳುವುದಷ್ಟೇ ನಿಮ್ಮ ಕೆಲಸ.

ಹಟ ಹಿಡಿಯುವವರಿಗೆ

ಗಾರ್ಡೇನಿಯಾ, ಇಕ್ಸೋರಾ, ಕರಿಬೇವು ಈ ನೀರಿಗೆ ಹಳದಿಯಾಗುತ್ತವೆ. ಕರಿಬೇವನ್ನು ಬಿಡುವ ಹಾಗಿಲ್ಲ, ಒಗ್ಗರಣೆ ನಿಂತುಹೋಗುತ್ತದೆ. ಅದು ನೆಲದಲ್ಲಿದ್ದರೆ, ಬುಡಕ್ಕೆ ಸಾಕಷ್ಟು ಎಲೆಗೊಬ್ಬರವಿದ್ದರೆ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತದೆ. ಉಳಿದವಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪಾದ ಫೆರಸ್ ಸಲ್ಫೇಟ್. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ. ಮೊದಲು ಆಮ್ಲ ಕರಗಿಸಿ, ಆಮೇಲೆ ಅನ್ನಭೇದಿ. ನೀರು ಮಳೆಯದೋ ಕುಡಿಯುವ ಆರ್‌ಒ ನೀರೋ ಆಗಿರಬೇಕು, ಬೋರಿನದಾದರೆ ಕಬ್ಬಿಣ ಪಾತ್ರೆಯಲ್ಲೇ ಕಂದು ಗಸಿಯಾಗಿ ಕೂತುಬಿಡುತ್ತದೆ. ಅಂಗಡಿಯಲ್ಲಿ ತಿಳಿಹಸಿರು ಹರಳು ಕೇಳಿ ತನ್ನಿ. ಹಳದಿ, ಕಂದು ಪುಡಿಯಾಗಿದ್ದರೆ ಅದು ಗಾಳಿಗೆ ಕೆಟ್ಟದ್ದು. ಸಂಜೆ ಎಲೆಯ ಎರಡೂ ಬದಿ ತೋಯುವಂತೆ, ಹದಿನೈದು ದಿನಕ್ಕೊಮ್ಮೆ ಮೂರು ಸಲ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹಳೆ ಚೀಲ ಹಾಸಿಕೊಳ್ಳಿ. ಮಣ್ಣಿಗೆ ಹಾಕಿದ ಅನ್ನಭೇದಿ ಸುಣ್ಣದ ಮಣ್ಣಿನಲ್ಲಿ ಕೆಲವೇ ದಿನದಲ್ಲಿ ಬೇರಿಗೆ ದಕ್ಕದ ಕಬ್ಬಿಣವಾಗುತ್ತದೆ.

ಗಾರ್ಡೇನಿಯಾ ಬೇಕೇ ಬೇಕು ಎನ್ನುವವರು ಒಂದೇ ಗಿಡವನ್ನು 14 ಇಂಚಿನ ಕುಂಡದಲ್ಲಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಡಣ ಬದಿಗೆ ಇಡಿ. ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೆ ಎರಡು ಲೀಟರಿನಷ್ಟು ನೀರು ಬೇಕು. 200 ಲೀಟರಿನ ಡ್ರಮ್ಮು ತಾರಸಿಯ ಪೈಪಿಗೆ ಕಟ್ಟಿ ಚಿತ್ತೆ ಮಳೆಯಲ್ಲಿ ತುಂಬಿಸಿಟ್ಟರೆ ನೂರು ದಿನದ ಲೆಕ್ಕ, ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ ಸರಿಹೋಗುತ್ತದೆ. ಡ್ರಮ್ಮಿನ ಬಾಯಿಗೆ ಸೊಳ್ಳೆ ಹೋಗದಂತೆ ಬಿಗಿಯಾಗಿ ಬಟ್ಟೆ ಕಟ್ಟಿ, ಮೇಲೆ ಮುಚ್ಚಳ ಹಾಕಿಡಿ. ಆ ನೀರನ್ನು ಬೇರೆ ಗಿಡಕ್ಕೆ ಹಂಚದಿದ್ದರೆ ಮಾತ್ರ ಈ ಲೆಕ್ಕ.